ಇನ್ನೊಬ್ಬರ ರಿವಾಲ್ವರಿಗೆ ಇಟ್ಟ ಕುಂಕುಮ

ಆ ಮುದುಕರನ್ನು ನಾನು ಮೊದಲ ಸಲ ನೋಡಿದಾಗ ಅವರು ಶೂಟಿಂಗ್ ಕ್ಲಬ್ಬಿನ ಅಡುಗೆಮನೆಯ ಸಿಂಕಿನಲ್ಲಿ ಒಂದು ರಿವಾಲ್ವರನ್ನು ಪಾತ್ರೆ ಸೋಪು ಹಾಕಿ ತೊಳೆಯುತ್ತಿದ್ದರು. ಕ್ಯಾಂಟೀನ್ ನೋಡಿಕೊಳ್ಳುವ ಹೆಂಗಸು ಪಕ್ಕದಲ್ಲಿ ನಿಂತು ಗೊಣಗುತ್ತಿದ್ದಳು. ಸಿಂಕಿನ ನೀರೆಲ್ಲ ಇದ್ದಿಲ ಬಣ್ಣ, ಕೋಣೆಯೆಲ್ಲ ಕೊಳೆತ ಮೊಟ್ಟೆಯ ವಾಸನೆ. ಕಾಫಿಗೆಂದು ಹೋದ ನಾನು ಕಪ್ಪು ಹಿಡಿದುಕೊಂಡು ಹಾಗೇ ನಿಂತೆ. ಅವರು ತಲೆ ಎತ್ತದೆ, ಕರಿಮದ್ದಿನ ಮಸಿಗೆ ಬಿಸಿನೀರೇ ಮದ್ದು, ಇವತ್ತು ತೊಳೆಯದಿದ್ದರೆ ನಾಳೆಗೆ ತುಕ್ಕು ಎಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ, ನನಗೇ ಎಂದುಕೊಂಡು ತಲೆಯಾಡಿಸಿದೆ.

ಟಿಲ್‌ಬರ್ಗ್ ಎಂಬ ಡಚ್ಚರ ಊರಿನಾಚೆ, ಗೋದಾಮುಗಳ ನಡುವೆ ಆ ಕ್ಲಬ್ಬು. ನನ್ನ ಕೆಲಸವೂ ಅಂಥದೇ ಒಂದು ಗೋದಾಮಿನ ಕಂಪ್ಯೂಟರು ನೋಡಿಕೊಳ್ಳುವುದು. ಅದಕ್ಕೂ ಮೊದಲು ಎರಡು ವರ್ಷ ಇಲ್ಲಿನ ರಾಜಧಾನಿಯ ಬಡಾವಣೆ ಬೈಟನ್‌ವೆಲ್ಡರ್ಟ್‌ನಲ್ಲಿ ನಮ್ಮವರ ನಡುವೆಯೇ ಇದ್ದೆವು. ವಾರಾಂತ್ಯವಾದರೆ ಒಬ್ಬರ ಮನೆಯಲ್ಲಿ ಬಿಸಿಬೇಳೆಬಾತ್, ಇನ್ನೊಬ್ಬರ ಮನೆಯಲ್ಲಿ ಪರ್ಮಿಟ್ಟಿನ ಚಿಂತೆ. ಟಿಲ್‌ಬರ್ಗಿಗೆ ಬಂದ ಮೇಲೆ ನಾನು ಕೋವಿ ಹಿಡಿಯಲು ಹೋಗುತ್ತೇನೆಂದು ತಿಳಿದು ಅವರೆಲ್ಲ ವಾಟ್ಸ್ಯಾಪ್ ಗುಂಪಿನಲ್ಲಿ ನನ್ನ ಕಾಲೆಳೆದರು. ಈರುಳ್ಳಿ ಹೆಚ್ಚುವಾಗ ಕಣ್ಣೀರು ಹಾಕುವವನು ಕೋವಿ ಹಿಡಿದು ಏನು ಮಾಡುತ್ತಾನೆ ಎಂದು ಒಬ್ಬ ಬರೆದಿದ್ದ. ನನ್ನಪ್ಪ ಮೈಸೂರಿನ ಪೊಲೀಸ್ ಶಸ್ತ್ರಾಗಾರದಲ್ಲಿ ಮೂವತ್ತು ವರ್ಷ ರೈಫಲ್ಲುಗಳನ್ನು ಬಿಚ್ಚಿ ಜೋಡಿಸಿದವರು ಎಂಬುದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಪ್ಪನ ಕೈಯ ಎಣ್ಣೆ ವಾಸನೆ ನನಗೆ ಇಷ್ಟವಿತ್ತು. ಅಪ್ಪ ಮಾತ್ರ ನನ್ನನ್ನು ಒಂದು ದಿನವೂ ಅವುಗಳ ಹತ್ತಿರ ಬಿಡಲಿಲ್ಲ. ಇಲ್ಲಿ ಯಾರೂ ತಡೆಯುವವರಿರಲಿಲ್ಲ, ಸೇರಿಕೊಂಡೆ.

ತಡೆಯುವವರಿರಲಿಲ್ಲ ಎಂದೆನಲ್ಲ, ಅದು ಸುಳ್ಳು. ಈ ದೇಶದಲ್ಲಿ ಕೋವಿಯ ಪರವಾನಗಿ ಸಿಗುವುದಕ್ಕಿಂತ ಮನೆ ಸಿಗುವುದು ಸುಲಭ. ಮನೆಯೂ ಸಿಗುವುದಿಲ್ಲ ಎಂಬುದು ಬೇರೆ ಮಾತು. ಒಂದು ವರ್ಷ ಕ್ಲಬ್ಬಿನಲ್ಲಿ ಎಲ್ಲರ ಕಣ್ಣ ಮುಂದೆ ಒಳ್ಳೆಯವನಾಗಿರಬೇಕು. ಆಮೇಲೆ ನಡತೆಯ ಪ್ರಮಾಣಪತ್ರ, ಕಂಪ್ಯೂಟರಿನ ಮುಂದೆ ಕೂತು ಮನಸ್ಸು ಸರಿಯಿದೆಯೆಂದು ತೋರಿಸುವ ಪರೀಕ್ಷೆ, ಗೋಡೆಗೆ ಬೋಲ್ಟು ಹಾಕಿದ ಉಕ್ಕಿನ ಪೆಟ್ಟಿಗೆ. ಅದನ್ನು ನೋಡಲು ಮನೆಗೆ ಬಂದ ಪೊಲೀಸರು ಬೂಟು ಬಿಚ್ಚಿ ಒಳಗೆ ಬಂದದ್ದಷ್ಟೇ ನನ್ನ ಹೆಂಡತಿಗೆ ಹಿಡಿಸಿತು. ಇಷ್ಟೆಲ್ಲ ಮಾಡಿ ಬಂದವನಿಗೆ ಹೊಸ ಪಿಸ್ತೂಲುಗಳ ಮೇಲೆ ಮನಸ್ಸೇ ಹೋಗಲಿಲ್ಲ. ಆ ಸಿಂಕಿನಲ್ಲಿದ್ದುದರ ಮೇಲೇ ಕಣ್ಣು.

ಅದು ನೂರೈವತ್ತು ವರ್ಷದ ಹಿಂದೆ ಈ ದೇಶದ ಸೇನೆಗೆಂದು ಮಾಡಿದ ಮಾದರಿ. ಎಂಟು ಮೂಲೆಯ ನಳಿಗೆ, ಆರು ಗುಂಡಿನ ಉರುಳೆ, ಹಿಡಿಯ ಕೆಳಗೆ ಹಗ್ಗ ಕಟ್ಟಲು ಒಂದು ಬಳೆ. ಕೈಗೆ ಕೊಟ್ಟರೆ ಒರಳುಗುಂಡು ಎತ್ತಿದ ಹಾಗಾಗುತ್ತಿತ್ತು. ಅಷ್ಟು ಹಳೆಯದನ್ನು ಮನೆಯಲ್ಲಿ ಇಟ್ಟುಕೊಳ್ಳಲು ಇಲ್ಲಿ ಪರವಾನಗಿ ಬೇಡ. ಅದಕ್ಕೆ ಮದ್ದು ತುಂಬಿ ಹೊಡೆಯಲು ಬೇಕು. ಆ ಮುದುಕರ ಬಳಿ ಇದ್ದುದು ಅವರ ತಾತನದು. ತಾತ ಸೇನೆಯಲ್ಲಿ ಸಾರ್ಜೆಂಟಾಗಿದ್ದವರು. ಯುದ್ಧದಲ್ಲಿ ಜರ್ಮನರು ಬಂದು ಮನೆಯಲ್ಲಿದ್ದ ಆಯುಧವನ್ನೆಲ್ಲ ಒಪ್ಪಿಸಿ ಎಂದಾಗ, ಹಂದಿ ಕೊಬ್ಬು ಮೆತ್ತಿ ಕೋಳಿಗೂಡಿನ ಕೆಳಗೆ ಹೂತರಂತೆ. ಐದು ವರ್ಷ ಮಣ್ಣಿನಲ್ಲಿದ್ದೂ ಅದಕ್ಕೆ ಒಂದು ಚುಕ್ಕೆ ತುಕ್ಕು ಹಿಡಿಯಲಿಲ್ಲ ಎಂದು ಮುದುಕರು ಹೇಳುವಾಗ, ತಾತನಿಗಿಂತ ಹಂದಿಯ ಮೇಲೇ ಅವರಿಗೆ ಹೆಚ್ಚು ಅಭಿಮಾನ ಇದ್ದಂತಿತ್ತು.

ಅವರು ರೈಲ್ವೆ ವರ್ಕ್‌ಶಾಪಿನಲ್ಲಿ ಲೇತ್ ನಡೆಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಹತ್ತು ವರ್ಷ ಆಗಿತ್ತು. ಆ ರಿವಾಲ್ವರಿನ ತೋಟಾ ಎಲ್ಲೂ ಸಿಗುವುದಿಲ್ಲ. ಬೇರೆ ದೊಡ್ಡ ತೋಟಾಗಳ ಹಿತ್ತಾಳೆ ಕೋಶವನ್ನು ಲೇತಿನಲ್ಲಿ ಕತ್ತರಿಸಿ, ಸೀಸ ಕರಗಿಸಿ ಗುಂಡು ಎರೆದು, ಚಮಚದಲ್ಲಿ ಕರಿಮದ್ದು ಅಳೆದು ತುಂಬಬೇಕು. ಒಂದು ಸಂಜೆಗೆ ಬೇಕಾಗುವ ಹನ್ನೆರಡು ತೋಟಾ ಮಾಡಲು ಅವರಿಗೆ ಇಡೀ ವಾರ ಹಿಡಿಯುತ್ತಿತ್ತು. ಕಣ್ಣು ಮಂಜಾಗಿತ್ತು. ಇಪ್ಪತ್ತೈದು ಮೀಟರ್ ಆಚೆಯ ಗುರಿ ಅವರಿಗೆ ಬಿಳಿ ಚೌಕವಾಗಿ ಮಾತ್ರ ಕಾಣುತ್ತಿತ್ತಂತೆ. ಆದರೂ ಹೊಡೆಯುತ್ತಿದ್ದರು, ಬೀಳುತ್ತಲೂ ಇತ್ತು. ಒಂದೊಂದು ಗುಂಡಿಗೂ ಅಗರಬತ್ತಿ ಕಟ್ಟನ್ನೇ ಹಚ್ಚಿದಷ್ಟು ಹೊಗೆ ಎದ್ದು, ಪಕ್ಕದ ಸಾಲಿನ ಹುಡುಗರು ಕೆಮ್ಮುತ್ತ ಹಿಂದೆ ಸರಿಯುತ್ತಿದ್ದರು. ಮುದುಕರಿಗೆ ಅದೇ ಖುಷಿ.

ನನಗೆ ಮೊದಲ ಸಲ ಹೊಡೆಯಲು ಕೊಟ್ಟ ದಿನ ಅವರು ಹೇಳಿಕೊಟ್ಟದ್ದು ಒಂದೇ. ಕುದುರೆಯನ್ನು, ಅಂದರೆ ಹಿಂದಿನ ಸುತ್ತಿಗೆಯನ್ನು, ಹೆಬ್ಬೆರಳಿನಿಂದ ನಿಧಾನಕ್ಕೆ ಎಳೆ, ಕಿವಿಗೊಟ್ಟು ಕೇಳು. ಎಳೆದೆ. ಎರಡು ಸದ್ದು, ನಡುವೆ ಒಂದು ಉಸಿರಿನಷ್ಟು ಬಿಡುವು. ಒಳಗಿನ ಹಲ್ಲು ಸವೆದಾಗ ಅದನ್ನು ತಾವೇ ಅರದಿಂದ ಉಜ್ಜಿ ಸರಿಮಾಡಿದ್ದಾಗಿ ಹೇಳಿದರು. ಗುಂಡು ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಹೊಗೆ ತಿಳಿಯಾಗುವ ತನಕ ನಾನು ಹಲ್ಲು ಕಿರಿದುಕೊಂಡೇ ನಿಂತಿದ್ದೆ. ಆಮೇಲೆ ಪ್ರತಿ ಗುರುವಾರ ಸಂಜೆ ನಾವಿಬ್ಬರೂ ಜೊತೆ. ತಮ್ಮನ್ನು ಬಹುವಚನದಲ್ಲಿ ಮಾತಾಡಿಸಬೇಡ ಎಂದು ಡಚ್ಚಿನಲ್ಲಿ ಎಷ್ಟೋ ಸಲ ಬೈದರು. ಅಪ್ಪನಿಗಿಂತ ಹಿರಿಯರನ್ನು ಏಕವಚನದಲ್ಲಿ ಕರೆಯಲು ನನ್ನ ನಾಲಿಗೆ ತಿರುಗಲಿಲ್ಲ.

ಹೀಗಿರುವಾಗ ಆ ಮಾರಿ ಬಂತು. ಈ ದೇಶದಲ್ಲಿ ಮೊದಲು ವಕ್ಕರಿಸಿದ್ದು ನಮ್ಮ ಕಡೆಗೇ. ಕಾರ್ನಿವಲ್ ಎಂದು ಕುಡಿದು ಕುಣಿದು ತಬ್ಬಿಕೊಂಡ ಜನ ಎರಡೇ ವಾರದಲ್ಲಿ ಆಸ್ಪತ್ರೆ ತುಂಬಿದರು. ಕ್ಲಬ್ಬಿಗೆ ಬೀಗ ಬಿತ್ತು. ನಾನು ವಾರಕ್ಕೊಮ್ಮೆ ಮುದುಕರ ಮನೆ ಬಾಗಿಲಿಗೆ ಹಾಲು, ಬ್ರೆಡ್ಡು, ಆಲೂಗಡ್ಡೆ ಇಟ್ಟು, ಹಿಂದೆ ಸರಿದು ರಸ್ತೆಯಲ್ಲಿ ನಿಲ್ಲುತ್ತಿದ್ದೆ. ಅವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅಷ್ಟು ದೂರದಿಂದ ಕೂಗಿ ಮಾತಾಡುತ್ತಿದ್ದುದು ಕೋವಿಯ ಬಗ್ಗೆಯೇ ಆದ್ದರಿಂದ, ನಾಯಿ ಹಿಡಿದು ಹೋಗುವವರು ನಮ್ಮನ್ನು ಒಂಥರಾ ನೋಡುತ್ತಿದ್ದರು. ಮುಂದಿನ ಜೂನಿಗೆ ಎಂಬತ್ತು ತುಂಬುತ್ತದೆ, ಅವತ್ತು ತಾತನ ರಿವಾಲ್ವರಿನಿಂದ ಆರು ಗುಂಡು ಹೊಡೆದು ಕೋವಿ ಕೆಳಗಿಡುತ್ತೇನೆ ಎಂದು ಅವರು ಹೇಳಿದ್ದು ಆ ಬಾಗಿಲಲ್ಲೇ. ಆರು ತೋಟಾ ಆಗಲೇ ಮಾಡಿಟ್ಟಿದ್ದರು.

ಸೆಪ್ಟೆಂಬರಿನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಪರೇಷನ್ ಆಯಿತು. ಆಮೇಲೆ ನಡೆಯಲು ಕಲಿಸುವ ಒಂದು ಮನೆಗೆ ಕಳಿಸುತ್ತೇವೆ, ಕೆಲವು ತಿಂಗಳು ಹಿಡಿಯಬಹುದು ಎಂದು ಡಾಕ್ಟರು ಹೇಳಿದರು. ಅವರ ಮಗಳಿಗೆ ಕೋವಿ ಕಂಡರಾಗದು. ಚಿಕ್ಕಂದಿನಿಂದ ಆ ಹೊಗೆಯ ವಾಸನೆ ಅಪ್ಪನ ಕೋಟಿನಲ್ಲಿ ಕುಡಿದು ಬೇಸತ್ತವಳು. ತಮ್ಮ ಕಣ್ಣು ತಪ್ಪಿದರೆ ಅವಳು ಅದನ್ನು ಪೊಲೀಸರಿಗೆ ಒಪ್ಪಿಸಿ ಕೈ ತೊಳೆದುಕೊಳ್ಳುತ್ತಾಳೆ ಎಂಬ ಭಯ ಮುದುಕರಿಗೆ. ಆಸ್ಪತ್ರೆಯಿಂದಲೇ ನನಗೆ ಫೋನು ಮಾಡಿದರು.

"ನೀನು ಇಟ್ಕೋ. ತಿಂಗಳಿಗೊಂದ್ಸಲ ತೆಗೆದು ನೋಡು, ಎಣ್ಣೆ ಸವರು. ಅಷ್ಟೇ. ನಾನು ಬಂದು ಇಸ್ಕೋತೀನಿ."

ನನಗೆ ಆಗ ಹೆಮ್ಮೆಯೇ ಆಯಿತು. ಕ್ಲಬ್ಬಿನಲ್ಲಿ ಅವರ ಐವತ್ತು ವರ್ಷದ ಗೆಳೆಯರಿದ್ದರು. ಅವರನ್ನೆಲ್ಲ ಬಿಟ್ಟು ನನಗೆ ಕೊಟ್ಟರು. ಪಕ್ಕದ ಮನೆಯವರ ಹತ್ತಿರವಿದ್ದ ಕೀಲಿ ಇಸಿದುಕೊಂಡು ಹೋಗಿ ಅದನ್ನು ಮನೆಗೆ ತಂದೆ. ತಿಂಗಳಿಗೊಮ್ಮೆ ಎಣ್ಣೆ ಸವರುವ ಕೆಲಸ ಎಂಥವನಾದರೂ ಮಾಡಬಹುದಾದದ್ದು.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಅದರ ಹಿಂದಿನ ದಿನ ಮುದುಕರ ಮಗಳು ಫೋನು ಮಾಡಿ, ಅಪ್ಪ ಇರುವ ಮನೆಯಲ್ಲಿ ಎಲ್ಲರಿಗೂ ಸೋಂಕು ತಗಲಿದೆ, ಅಪ್ಪನಿಗೆ ಆಕ್ಸಿಜನ್ ಹಾಕಿದ್ದಾರೆ, ನನ್ನನ್ನೂ ಒಳಗೆ ಬಿಡುತ್ತಿಲ್ಲ ಎಂದಳು. ನಾನು ಅಂಥ ದೈವಭಕ್ತನೇನಲ್ಲ. ವರ್ಷವಿಡೀ ದೀಪ ಹಚ್ಚುವುದು ನನ್ನ ಹೆಂಡತಿ. ಆವತ್ತು ಮಾತ್ರ ನನ್ನ ಕೈ ಸುಮ್ಮನಿರಲಿಲ್ಲ. ಯಾರಿಗೂ ಏನೂ ಮಾಡಲಾಗದೆ ಏಳು ತಿಂಗಳು ಮನೆಯಲ್ಲಿ ಕೂತಿದ್ದೆ. ಅಲ್ಲಿ ಮೈಸೂರಿನಲ್ಲಿ ಅಕ್ಕನ ಮನೆಯಲ್ಲಿದ್ದ ಅಪ್ಪನನ್ನು ನೋಡಲು ವಿಮಾನವಿಲ್ಲ, ಇಲ್ಲಿ ಮೂರು ಕಿಲೋಮೀಟರ್ ದೂರದ ಮುದುಕರನ್ನು ನೋಡಲು ಅಪ್ಪಣೆಯಿಲ್ಲ.

ಲ್ಯಾಪ್‌ಟಾಪು, ಸೈಕಲ್ಲು, ಮಿಕ್ಸಿ, ಈಳಿಗೆಮಣೆ ಎಲ್ಲವನ್ನೂ ಹೆಂಡತಿ ಸಾಲಾಗಿಟ್ಟಿದ್ದಳು. ನಾನು ಉಕ್ಕಿನ ಪೆಟ್ಟಿಗೆಯಿಂದ ರಿವಾಲ್ವರ್ ತಂದು ನಡುವೆ ಇಟ್ಟೆ. ಅವಳು ನೋಡಿದಳು.

"ಅದು ನಮ್ದಲ್ಲ. ಬೇರೆಯವ್ರ ಸಾಮಾನಿಗೆ ನಾವ್ಯಾಕೆ ಕೈ ಹಾಕೋದು? ಸೇಫಲ್ಲೇ ಇರ್ಲಿ ಬಿಡಿ."

ನಾನು ರೇಗಿದೆ. ಸಾಯುತ್ತಿರುವವರ ಹೆಸರಿನಲ್ಲಿ ಒಂದು ಹೂವಿಡಲು ನಿನ್ನ ಪರ್ಮಿಷನ್ ಬೇಕಾ ಎಂದುಬಿಟ್ಟೆ. ಕುಂಕುಮವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಉರುಳೆಯ ಸುತ್ತ ಆರು, ನಳಿಗೆಯ ಮೇಲೆ ಮೂರು, ಕುದುರೆಯ ಪಕ್ಕ ಒಂದು ಬೊಟ್ಟು ಇಟ್ಟೆ. ಕೆಳಗೆ ಅರಿಶಿನದ ಬೊಟ್ಟು. ಅಂಗಡಿಯಿಂದ ತಂದ ಸೇವಂತಿಗೆಯ ತೊಟ್ಟನ್ನು ನಳಿಗೆಯ ಬಾಯಿಗೆ ಸಿಕ್ಕಿಸಿದೆ. ಮೇಲೆ ನೀರು ಚಿಮುಕಿಸಿದೆ. ಅಪ್ಪನ ಶಸ್ತ್ರಾಗಾರದಲ್ಲಿ ಸಾಲಾಗಿ ನಿಲ್ಲಿಸಿದ ರೈಫಲ್ಲುಗಳ ಬಾಯಲ್ಲಿ ಹೀಗೇ ಹೂವಿರುತ್ತಿತ್ತು. ಬೂದುಗುಂಬಳ ಒಡೆದು, ನಮಗೆಲ್ಲ ಕಡಲೆಪುರಿ ಕೊಟ್ಟು ಮನೆಗೆ ಕಳಿಸುತ್ತಿದ್ದರು. ನಾನು ನೋಡಿದ್ದು ಅಷ್ಟು. ಪಕ್ಕದಲ್ಲಿ ನಿಂತಿದ್ದ ನನ್ನ ಪುಟ್ಟ ಮಗಳು ಡಚ್ಚಿನಲ್ಲಿ, ಇದೂ ದೇವರಾ ಎಂದು ಕೇಳಿದಳು. ಇವತ್ತೊಂದು ದಿನ ಹೌದು ಎಂದೆ.

ಮರುದಿನ ಹೆಂಡತಿ ಬಟ್ಟೆ ಹಿಡಿದು ಲ್ಯಾಪ್‌ಟಾಪು, ಮಿಕ್ಸಿ ಎಲ್ಲ ಒರೆಸಿದಳು. ನಾನೂ ಬಟ್ಟೆ ಹಿಡಿದು ರಿವಾಲ್ವರಿನ ಹತ್ತಿರ ಹೋದೆ. ಕೈ ಮುಂದೆ ಹೋಗಲಿಲ್ಲ. ಅಲ್ಲಿ ಒಂದು ಜೀವ ಉಸಿರಿಗೆ ಒದ್ದಾಡುತ್ತಿರುವಾಗ ಅವರ ಹೆಸರಿನಲ್ಲಿ ಇಟ್ಟ ಕುಂಕುಮ ಅಳಿಸುವುದೇ? ನಮ್ಮಲ್ಲಿ ಕುಂಕುಮ ಅಳಿಸುವುದು ಎಂದರೆ ಏನು ಎಂದು ಎಲ್ಲರಿಗೂ ಗೊತ್ತು. ಆ ಮಾತನ್ನು ಮನಸ್ಸಿನಲ್ಲಿ ಆಡಿಕೊಳ್ಳಲೂ ಹೆದರಿ, ಅವರು ಮನೆಗೆ ಬಂದ ದಿನವೇ ಒರೆಸುತ್ತೇನೆ ಎಂದು ಹರಕೆ ಹೊತ್ತೆ. ಹೂವನ್ನೂ ತೆಗೆಯಲಿಲ್ಲ. ಹಾಗೇ ಒಂದು ಹಳೆಯ ಪಂಚೆಯಲ್ಲಿ ಸುತ್ತಿ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಆ ಪೆಟ್ಟಿಗೆ ಇದ್ದದ್ದು ವಾಷಿಂಗ್ ಮೆಷಿನ್ ಕೋಣೆಯಲ್ಲಿ. ಚಳಿಗಾಲವೆಲ್ಲ ಅಲ್ಲಿ ಒದ್ದೆ ಬಟ್ಟೆ ಒಣಗುತ್ತಿತ್ತು, ಗೋಡೆ ಬೆವರುತ್ತಿತ್ತು.

ಮುದುಕರು ಬದುಕಿದರು. ಹತ್ತು ದಿನಕ್ಕೆ ಆಕ್ಸಿಜನ್ ತೆಗೆದರು. ನಾನು ಹೊರಗೆ ಯಾರಿಗೂ ಹೇಳಲಿಲ್ಲ, ಒಳಗೆ ಮಾತ್ರ ಕುಂಕುಮದ ಕೆಲಸ ಎಂದೇ ನಂಬಿದೆ. ಇನ್ನು ಅದನ್ನು ಮುಟ್ಟುವ ಮಾತೇ ಇರಲಿಲ್ಲ. ಅವರು ಮನೆಗೆ ಬರಲಿಲ್ಲ. ನಡೆಯಲು ಆಗದೆ, ಶ್ವಾಸ ಸಾಲದೆ, ಡಿಸೆಂಬರಿನಲ್ಲಿ ವೃದ್ಧರ ಆರೈಕೆಯ ಮನೆಗೆ ಸೇರಿಸಿದರು. ಕಿಟಕಿಯ ಗಾಜಿನ ಆಚೆ ಅವರು, ಈಚೆ ಹುಲ್ಲಿನ ಮೇಲೆ ನಾನು. ಫೋನು ಕಿವಿಗೆ ಹಿಡಿದುಕೊಂಡು ಮಾತು. ಪ್ರತಿ ಭಾನುವಾರ ಕೇಳುತ್ತಿದ್ದರು, ಎಣ್ಣೆ ಸವರಿದೆಯಾ? ಸವರಿದೆ ಎನ್ನುತ್ತಿದ್ದೆ. ಗಾಜಿನ ಮೂಲಕ ಸುಳ್ಳು ಹೇಳುವುದು ಅಷ್ಟೇನೂ ಕಷ್ಟವಲ್ಲ. ಜನವರಿಯಲ್ಲಿ ನನಗೂ ಬಂತು. ಮೂರು ವಾರ ಮಲಗಿದೆ. ವಾಸನೆ ಹೋಯಿತು, ರುಚಿ ಹೋಯಿತು, ಕೆಲಸದಲ್ಲಿ ಒಂದು ವಾಕ್ಯ ಎರಡು ಸಲ ಓದಬೇಕಾಯಿತು. ಎಲ್ಲದರ ಮೇಲೂ ಸಿಟ್ಟು ಬರುತ್ತಿತ್ತು. ಪೆಟ್ಟಿಗೆಯ ಬೀಗ ತೆಗೆಯಲಿಲ್ಲ.

ಲಸಿಕೆ ಆದ ಮೇಲೆ, ಏಪ್ರಿಲಿನಲ್ಲಿ, ಒಬ್ಬೊಬ್ಬರನ್ನೇ ಒಳಗೆ ಬಿಡತೊಡಗಿದರು. ಮುದುಕರು ಫೋನಿನಲ್ಲಿ, ಬರುವ ಶನಿವಾರ ರಿವಾಲ್ವರ್ ತಾ ಎಂದರು. ಹೆಬ್ಬೆರಳಿಗೆ ಕುದುರೆ ಎಳೆಯುವ ಶಕ್ತಿ ಉಳಿದಿದೆಯೋ ನೋಡಬೇಕಂತೆ. ಉಳಿದಿದ್ದರೆ ಜೂನಿನಲ್ಲಿ ಕ್ಲಬ್ಬಿಗೆ ಕರೆದುಕೊಂಡು ಹೋಗಲು ಮಗಳು ಒಪ್ಪಿದ್ದಾಳೆ, ಅವಳು ಕೊನೆಗೂ ಒಪ್ಪಿದ್ದಾಳೆ ಎಂದು ಎರಡು ಸಲ ಹೇಳಿದರು.

ಪಂಚೆ ಬಿಚ್ಚಿದೆ. ಬಟ್ಟೆ ಅಂಟಿಕೊಂಡಿತ್ತು, ಎಳೆದಾಗ ಚರ್‌ ಎಂದು ಬಂತು. ನಾನಿಟ್ಟ ಒಂದೊಂದು ಬೊಟ್ಟಿನ ಜಾಗದಲ್ಲೂ ಒಂದೊಂದು ಕಂದು ಗುಳಿ. ಕುಂಕುಮ ಯಾವುದು ತುಕ್ಕು ಯಾವುದು ತಿಳಿಯಲಿಲ್ಲ. ನಳಿಗೆಯ ಬಾಯಲ್ಲಿ ಸೇವಂತಿಗೆಯ ತೊಟ್ಟು ಕೊಳೆತು ಕಪ್ಪು ಮೇಣವಾಗಿತ್ತು. ಬಿಚ್ಚಿ ಬೆಳಕಿಗೆ ಹಿಡಿದು ಒಳಗೆ ನೋಡಿದೆ. ಕನ್ನಡಿಯಂತಿದ್ದ ನಳಿಗೆಯ ಒಳಮೈ ಗೆದ್ದಲು ತಿಂದ ಮರದಂತಿತ್ತು. ಹಂದಿ ಕೊಬ್ಬು ಐದು ವರ್ಷ ಮಣ್ಣಿನೊಳಗೆ ಕಾಪಾಡಿದ್ದನ್ನು ನನ್ನ ಭಕ್ತಿ ಆರು ತಿಂಗಳಲ್ಲಿ ತಿಂದು ಹಾಕಿತ್ತು.

ಅಪ್ಪನಿಗೆ ಫೋನು ಮಾಡಿದೆ. ಯಾಕೆ ಎಂದು ಹೇಳದೆ, ಪೂಜೆಯಾದ ಮೇಲೆ ರೈಫಲ್ಲುಗಳನ್ನು ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಅಪ್ಪನಿಗೆ ಆಶ್ಚರ್ಯ.

"ಮಾಡೋದೇನು? ನೀವೆಲ್ಲ ಪುರಿ ತಿಂದು ಮನೆಗೆ ಹೋದ್ಮೇಲೆ ಕೂತ್ಕೊಂಡು ಒರ್ಸೋದು. ಸಂಜೆ ಒಳಗೆ ಒಂದು ಚೂರು ಕುಂಕುಮ ಉಳೀಬಾರ್ದು. ಅದ್ರಲ್ಲಿ ನಿಂಬೆಹುಳಿ, ಪಟಿಕ ಎಲ್ಲ ಇರ್ತದಲ್ಲಪ್ಪ, ನೀರು ಬಿದ್ರೆ ಕಬ್ಬಿಣ ತಿಂದ್ಹಾಕ್ತದೆ. ಹೂವ ಬಾಯೊಳಗೆ ಇಡ್ತಿರ್ಲಿಲ್ಲ, ಬೆಣೆ ಹೊಡ್ದು ಅದ್ರ ಮೇಲೆ ಇಡ್ತಿದ್ವಿ. ನಿಂಗೆ ಇದೆಲ್ಲ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಹಬ್ಬ ನನಗೆ, ಒರೆಸುವ ಕೆಲಸ ಅಪ್ಪನಿಗೆ. ಇಷ್ಟು ವರ್ಷ ನನ್ನ ಪರಂಪರೆ ಎಂದು ಹೆಮ್ಮೆಪಟ್ಟದ್ದರಲ್ಲಿ ಅರ್ಧ ಮಾತ್ರ ನನ್ನ ಪಾಲಿಗೆ ಬಂದಿತ್ತು, ಅದೂ ಕೆಲಸಕ್ಕೆ ಬಾರದ ಅರ್ಧ.

ಹಾರ್ಲೆಮ್‌ನಲ್ಲಿ ಹಳೆಯ ಸೇನಾ ಕೋವಿಗಳನ್ನು ರಿಪೇರಿ ಮಾಡುವ, ಮಾರುವ ಒಬ್ಬರಿದ್ದರು. ಹೇಳಿ ಹೋದರೆ ಒಬ್ಬೊಬ್ಬರನ್ನೇ ಅಂಗಡಿಯೊಳಗೆ ಬಿಡುತ್ತಿದ್ದರು. ಖಾಲಿ ರೈಲಿನಲ್ಲಿ ಮಾಸ್ಕು ಹಾಕಿಕೊಂಡು, ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಹೋದೆ. ಅವರು ಒಂದು ನಿಮಿಷ ನೋಡಿದರು. ಮೇಲಿನ ತುಕ್ಕು ತೆಗೆಯಬಹುದು, ಗುಳಿ ಹೋಗುವುದಿಲ್ಲ, ಇದರಲ್ಲಿ ಇನ್ನು ಗುಂಡು ಹೊಡೆಯಬಾರದು, ಗೋಡೆಗೆ ತೂಗು ಹಾಕಿ ಎಂದರು. ಆಮೇಲೆ, ಏನಾಗಿತ್ತು ಇದಕ್ಕೆ, ಪ್ರವಾಹವಾ ಎಂದು ಕೇಳಿದರು. ಹೌದು ಎಂದೆ. ಅವರ ಹಿಂದೆ ಗಾಜಿನ ಕಪಾಟಿನಲ್ಲಿ ಅದೇ ಮಾದರಿಯ ಇನ್ನೊಂದು ರಿವಾಲ್ವರ್ ಇತ್ತು.

ಆ ಕ್ಷಣ ನನ್ನ ತಲೆಯಲ್ಲಿ ಓಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಮುದುಕರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಅದರ ಮೇಲಿನ ನಂಬರು ಓದಲಾರರು. ಜೂನಿನಲ್ಲಿ ಅವರಿಗೆ ಬೇಕಾದದ್ದು ಆರು ಗುಂಡು. ತಾತನದರಿಂದ ಅದು ಇನ್ನು ಆಗದು, ಇದರಿಂದ ಆಗುತ್ತದೆ. ಇಷ್ಟು ಹೊತ್ತಿಗೆ ಅದು ನನಗೆ ಮೋಸ ಎಂದು ಅನಿಸುವುದು ನಿಂತು ಉಪಕಾರ ಎಂದು ಅನಿಸತೊಡಗಿತ್ತು. ಕಾರಿಗೆಂದು ಎತ್ತಿಟ್ಟಿದ್ದ ಹಣದಲ್ಲಿ ಅದನ್ನು ಕೊಂಡೆ. ಹೆಂಡತಿಗೆ ಹೇಳಲಿಲ್ಲ. ಮನೆಗೆ ಬಂದು ಹಳೆಯದರ ಹಿಡಿಯ ಎರಡು ಮರದ ತುಂಡುಗಳನ್ನು ಬಿಚ್ಚಿದೆ. ತಾತ ಚಾಕುವಿನಲ್ಲಿ ಕೊರೆದ ಒಂದು ಗೀಟು ಅದರ ಮೇಲಿತ್ತು, ಮುದುಕರು ಹಿಡಿದಾಗಲೆಲ್ಲ ಅದರ ಮೇಲೆ ಬೆರಳಾಡಿಸುತ್ತಿದ್ದರು. ಆ ಮರವನ್ನು ಹೊಸದಕ್ಕೆ ಕೂರಿಸಿದೆ. ಅಲುಗಾಡಿತು, ತೆಳ್ಳಗಿನ ರಟ್ಟು ಕೊಟ್ಟು ಬಿಗಿ ಮಾಡಿದೆ. ಹಗ್ಗದ ಬಳೆಯನ್ನೂ ಬದಲಾಯಿಸಿದೆ. ಯೋಗ್ಯವಾದ ಕೆಲಸಕ್ಕೆ ನನ್ನ ಕೈ ಅಷ್ಟು ನಾಜೂಕಾಗಿ ಒಂದು ದಿನವೂ ಓಡಿದ್ದಿಲ್ಲ.

ಶನಿವಾರ ಶೂ ಡಬ್ಬಿಯಲ್ಲಿಟ್ಟುಕೊಂಡು ಹೋದೆ. ಬಾಗಿಲಲ್ಲಿ ನನ್ನ ಜ್ವರ ನೋಡಿದ ಹುಡುಗಿ ಡಬ್ಬಿಯಲ್ಲೇನು ಎಂದಾಗ, ಅವರ ತಾತನ ಹಳೆಯ ಸಾಮಾನು ಎಂದೆ. ಮುದುಕರು ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು. ಅರ್ಧ ಆಗಿದ್ದರು. ಕಾಲರಿನೊಳಗೆ ಕತ್ತು ಹುಡುಕಬೇಕಿತ್ತು. ಆರು ತಿಂಗಳ ಮೇಲೆ ಗಾಜಿಲ್ಲದೆ ನೋಡಿದ್ದು, ನನಗೆ ಅಳು ಬಂತು, ಮಾಸ್ಕು ಇದ್ದದ್ದು ಒಳ್ಳೆಯದಾಯಿತು. ಡಬ್ಬಿ ತೆರೆದು ಮಡಿಲಲ್ಲಿಟ್ಟೆ. ಮೊದಲು ಮರದ ಮೇಲೆ ಬೆರಳಾಡಿಸಿದರು, ಗೀಟು ಸಿಕ್ಕಿತು, ಮುಖ ಅರಳಿತು. ನನ್ನ ಕಡೆ ತಿರುಗಿ ಎಣ್ಣೆ ಚೆನ್ನಾಗಿ ಸವರಿದ್ದೀಯ ಎಂದರು. ಆಮೇಲೆ ಎರಡೂ ಕೈಯಲ್ಲಿ ಎತ್ತಿ ಕಿವಿಯ ಹತ್ತಿರ ಹಿಡಿದು, ಹೆಬ್ಬೆರಳಿನಿಂದ ಕುದುರೆ ಎಳೆದರು. ಶಕ್ತಿ ಇತ್ತು. ಪೂರ್ತಿ ಎಳೆದರು.

ಒಂದೇ ಸದ್ದು.

ಮತ್ತೆ ಇಳಿಸಿ, ಮತ್ತೆ ಎಳೆದರು. ಒಂದೇ ಸದ್ದು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಮರ ಬದಲಾಯಿಸಿದೆ, ಬಳೆ ಬದಲಾಯಿಸಿದೆ, ಅವರೇ ಅರದಿಂದ ಉಜ್ಜಿದ ಒಳಗಿನ ಹಲ್ಲು ಅಲ್ಲೇ ಹಳೆಯದರಲ್ಲಿ ಉಳಿದಿತ್ತು. ಅವರು ರಿವಾಲ್ವರನ್ನು ಮೆಲ್ಲಗೆ ಮಡಿಲಿಗೆ ಇಳಿಸಿದರು.

"ನನ್ನದೆಲ್ಲಿ?"

ಆಗ ಹೇಳಬಹುದಿತ್ತು. ಆ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು, ಒಂದು ಗಂಟೆ ಸಮಯವಿತ್ತು, ಕುಂಕುಮವೆಂದರೇನು ಎಂದು ವಿವರಿಸುವಷ್ಟು ಡಚ್ಚು ನನಗೆ ಬರುತ್ತಿತ್ತು. ನಾನು, ಇದೇ ನಿಮ್ಮದು ಎಂದೆ. ತುಂಬ ದಿನ ಎಣ್ಣೆಯಲ್ಲಿತ್ತಲ್ಲ, ಸದ್ದು ಬದಲಾಗಿರಬೇಕು ಎಂದೂ ಸೇರಿಸಿದೆ. ನಲವತ್ತೆರಡು ವರ್ಷ ಲೇತಿನ ಮುಂದೆ ನಿಂತು ಕಬ್ಬಿಣದ ಸದ್ದು ಕೇಳಿದ ಮನುಷ್ಯನಿಗೆ ಹಾಗೆ ಹೇಳಿದೆ. ಅವರು ತಮ್ಮ ಮಂಜುಗಣ್ಣಿನಲ್ಲಿ ನನ್ನನ್ನು ಬಹಳ ಹೊತ್ತು ನೋಡಿದರು. ಸಿಟ್ಟಾಗುತ್ತಾರೆಂದು ಕಾದೆ. ಸಿಟ್ಟಾಗಿದ್ದರೆ ನಾನೂ ಬಾಯಿ ಬಿಡುತ್ತಿದ್ದೆನೋ ಏನೋ.

"ಕಷ್ಟ ಇದ್ದಿದ್ರೆ ಹೇಳ್ಬಹುದಿತ್ತು," ಎಂದರು. ಅಷ್ಟೇ. ಡಬ್ಬಿಯ ಮುಚ್ಚಳವನ್ನು ತಾವೇ ಮುಚ್ಚಿ ನನ್ನ ಕೈಗೆ ಕೊಟ್ಟು, ಗೋಡೆಯ ಗಡಿಯಾರದ ಕಡೆ ತಿರುಗಿ, ಕಾಫಿ ಬರುವ ಹೊತ್ತಾಯಿತು ಎಂದರು. ಅವರು ಏನೆಂದುಕೊಂಡರೆಂದು ನನಗೆ ಅರ್ಥವಾಗುವಷ್ಟರಲ್ಲಿ ನಾನು ಸೈಕಲ್ ನಿಲ್ಲಿಸಿದ್ದ ಕಡೆ ಬಂದುಬಿಟ್ಟಿದ್ದೆ. ನಾನು ಅವರ ತಾತನ ರಿವಾಲ್ವರನ್ನು ಮಾರಿ, ಬೇರೆ ಯಾವುದೋ ಅಗ್ಗದ್ದನ್ನು ತಂದು ತೋರಿಸಿದೆ ಎಂದುಕೊಂಡಿದ್ದರು. ವಾಪಸ್ ಓಡಿದೆ. ಬಾಗಿಲಲ್ಲಿದ್ದ ಹುಡುಗಿ ಬಿಡಲಿಲ್ಲ. ದಿನಕ್ಕೆ ಒಬ್ಬರು, ಒಂದು ಸಲ ಎಂದಳು. ಫೋನು ಮಾಡಿದೆ, ಎತ್ತಲಿಲ್ಲ. ಭಾನುವಾರ ಮಗಳ ಸರದಿ. ಬುಧವಾರಕ್ಕೆ ನನ್ನ ಹೆಸರು ಬರೆಸಿದೆ. ಹೆಂಡತಿಗೆ ಆವತ್ತು ಎಲ್ಲ ಹೇಳಿಕೊಂಡೆ. ಅವಳು ಬೈಯಲಿಲ್ಲ. ಬುಧವಾರ ತುಕ್ಕು ಹಿಡಿದದ್ದನ್ನೇ ತೆಗೆದುಕೊಂಡು ಹೋಗಿ ಕಾಲು ಹಿಡಿದುಕೊಳ್ಳಿ ಎಂದಳು. ಮರವನ್ನು ಮತ್ತೆ ಹಳೆಯದಕ್ಕೇ ಕೂರಿಸಿದೆ.

ಮಂಗಳವಾರ ಬೆಳಿಗ್ಗೆ ಅವರ ಮಗಳು ಫೋನು ಮಾಡಿದಳು. ನಿದ್ದೆಯಲ್ಲೇ ಹೋದರು ಎಂದಳು.

ಅಂತ್ಯಕ್ರಿಯೆಗೆ ಎಣಿಸಿ ಕರೆದವರಿಗಷ್ಟೇ ಪ್ರವೇಶ. ನಾನು ಮನೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ನೋಡಿದೆ. ನಡುವೆ ಎರಡು ಸಲ ಚಿತ್ರ ನಿಂತುಹೋಯಿತು. ಎರಡು ವಾರ ಬಿಟ್ಟು ತುಕ್ಕು ಹಿಡಿದ ರಿವಾಲ್ವರನ್ನು ತೆಗೆದುಕೊಂಡು ಮಗಳ ಮನೆಗೆ ಹೋದೆ. ಹಿತ್ತಲಲ್ಲಿ ಮೇಜಿನ ಆಚೆ ಅವಳು, ಈಚೆ ನಾನು. ನಾನು ಬಾಯಿ ತೆರೆಯುವ ಮೊದಲೇ ಅವಳು ಕೈ ಅಡ್ಡ ಹಿಡಿದಳು.

"ಆ ಕೋವಿ ಬಗ್ಗೆ ನಿಮ್ಮನ್ನ ಏನೂ ಕೇಳ್ಬಾರ್ದು ಅಂತ ಅಪ್ಪ ನನ್ನ ಹತ್ರ ಮಾತು ತಗೊಂಡಿದ್ರು. ಕಾಲ ಕೆಟ್ಟಿದೆ, ಅವನಿಗೂ ಹೆಂಡ್ತಿ ಮಕ್ಕಳಿದ್ದಾರೆ, ಮಾರಿದ್ರೆ ಮಾರ್ಲಿ, ಅವನನ್ನ ನೋಯಿಸ್ಬೇಡ ಅಂದ್ರು. ಅವರಿಗೆ ಕೋಪ ಇರ್ಲಿಲ್ಲ."

ನಾನು ಡಬ್ಬಿ ತೆರೆದು ಅವಳ ಮುಂದಿಟ್ಟೆ. ಮಾರಲಿಲ್ಲ ಎಂದೆ. ಕುಂಕುಮ, ಹೂವು, ಹರಕೆ, ಒದ್ದೆ ಕೋಣೆ, ಹಾರ್ಲೆಮ್, ಎಲ್ಲ ಹೇಳಿದೆ. ನನ್ನ ಡಚ್ಚು ಅಲ್ಲಲ್ಲಿ ಮುರಿಯಿತು, ಅವಳು ತಡೆಯದೆ ಕೇಳಿದಳು. ಕೋವಿ ಕಂಡರಾಗದವಳು ಮೊದಲ ಸಲ ಅದನ್ನು ಕೈಗೆತ್ತಿಕೊಂಡು, ಉರುಳೆಯ ಮೇಲಿನ ಗುಳಿಗಳನ್ನು ಒಂದೊಂದಾಗಿ ಮುಟ್ಟಿದಳು. ಇದೆಲ್ಲ ಅಪ್ಪ ಉಳಿಯಲಿ ಅಂತ ಇಟ್ಟದ್ದಾ ಎಂದು ಕೇಳಿದಳು. ಹೌದು ಎಂದೆ. ಅವಳು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಹೇಳಿದಳು.

"ಇದನ್ನ ಹೇಳಿದ್ರೆ ಅಪ್ಪ ನಕ್ಕುಬಿಡ್ತಿದ್ರು. ನರ್ಸುಗಳಿಗೆಲ್ಲ ಕರೆದು ಕರೆದು ತೋರಿಸ್ತಿದ್ರು."

ಅದು ನಿಜ. ಅವರು ನಗುತ್ತಿದ್ದರು, ನನ್ನನ್ನು ಚೆನ್ನಾಗಿ ಬೈದು ಆಮೇಲೆ ನಗುತ್ತಿದ್ದರು. ಅವರನ್ನು ಅಷ್ಟು ಚೆನ್ನಾಗಿ ಬಲ್ಲ ನನಗೆ ಆ ಶನಿವಾರ ಅದು ಹೊಳೆಯಲಿಲ್ಲ. ಅವರು ನನ್ನನ್ನು ಕಳ್ಳನೆಂದುಕೊಂಡೇ ಹೋದರು, ಅದೂ ನನ್ನನ್ನು ಕ್ಷಮಿಸಿಯೇ.